ಬೆನಕನ ಅಮಾವಾಸ್ಯೆಯ ಹೊನ್ನಗೆರೆ

ಗಣೇಶ ಚವತಿಗೆ ಮುಂಚೆ ಬರುವ ಅಮಾವಾಸ್ಯೆಗೆ ನಮ್ಮ ಕಡೆ ಬೆನಕನ ಅಮಾವಾಸ್ಯೆ ಎನ್ನುತ್ತಾರೆ. 1868ರಲ್ಲಿ ಅದು ಬಿದ್ದದ್ದು ಆಗಸ್ಟ್ 18ರ ಮಂಗಳವಾರ. ಅಂದು ಬೆಳಿಗ್ಗೆ ಒಂಬತ್ತರ ಸುಮಾರಿಗೆ ವಿಜಾಪುರ ಸೀಮೆಗೆ ಸೀಮೆಯೇ ಕತ್ತಲಾಯಿತು. ಅರಬ್ಬಿ ಸಮುದ್ರದ ಕಡೆಯಿಂದ ಬಂದ ಚಂದ್ರನ ನೆರಳು ಜಮಖಂಡಿ, ವಿಜಾಪುರಗಳ ಮೇಲೆ ಹಾದು ಗುಂಟೂರು, ಮಚಲಿಪಟ್ಟಣಗಳತ್ತ ಓಡಿತು. ಆ ನೆರಳಿನ ಹಾದಿ 200 ಕಿಲೋಮೀಟರಿಗೂ ಹೆಚ್ಚು ಅಗಲವಿತ್ತು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ನಾಲ್ಕೂ ಅದರೊಳಗೆ ಬಂದವು. ಗುಂಟೂರಿನಲ್ಲಂತೂ ಸೂರ್ಯ ಐದು ಮುಕ್ಕಾಲು ನಿಮಿಷ ಪೂರ್ತಿ ಮರೆಯಾಗಿದ್ದ.

ವಿಜಾಪುರ ಆಗ ಜಿಲ್ಲಾ ಕೇಂದ್ರವೂ ಆಗಿರಲಿಲ್ಲ, ಕಲಾದಗಿ ಜಿಲ್ಲೆಗೆ ಸೇರಿದ ಊರು. ಗ್ರಹಣ ನೋಡಲೆಂದು ಅಲ್ಲಿಗೆ ಬಂದವರಲ್ಲಿ ಕ್ಯಾಪ್ಟನ್ ಹೇಗ್ ಎಂಬ ಸೇನಾ ಎಂಜಿನಿಯರ್ ಒಬ್ಬರು. ಅವರ ಕೈಯಲ್ಲಿ ರೋಹಿತದರ್ಶಕವಿತ್ತು. ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ಹರಡುವ ಉಪಕರಣ ಅದು. ಕಪ್ಪಾದ ಸೂರ್ಯಬಿಂಬದ ಅಂಚಿನಲ್ಲಿ ಒಂದಕ್ಕೊಂದು ಹತ್ತಿರವಾಗಿ ಎದ್ದಿದ್ದ ಎರಡು ಕೆಂಪು ಜ್ವಾಲೆಗಳ ಕಡೆ ಹೇಗ್ ಅದನ್ನು ತಿರುಗಿಸಿದರು. ಎರಡು ಅಗಲವಾದ, ಅಂಚು ಸ್ಪಷ್ಟವಾಗಿದ್ದ ಹೊಳೆಯುವ ಪಟ್ಟಿಗಳು ಕಂಡವು. ಒಂದು ಮಂಜಿಷ್ಠದ ಕೆಂಪು, ಇನ್ನೊಂದು ತಿಳಿ ಹೊನ್ನಿನ ಬಣ್ಣ.

ಅದೇ ಹೊತ್ತಿಗೆ ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ತಮ್ಮ ದೂರದರ್ಶಕ ಹೂಡಿ ಕಾಯುತ್ತಿದ್ದರು. ಲಂಡನ್ನಿನ ರಾಯಲ್ ಸೊಸೈಟಿ ಕಳುಹಿಸಿದ ಉಪಕರಣಗಳು ಅವರ ಬಳಿ ಇದ್ದವು. ಶ್ರಾವಣದ ಮೋಡ ಬಂದು ಬಂದು ಅಡ್ಡ ನಿಲ್ಲುತ್ತಿತ್ತು. ಮೋಡ ಸರಿದ ಗಳಿಗೆಯಲ್ಲಿ ಅವರಿಗೆ ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಗೆರೆಗಳು ಕಂಡವು. ಗೆರೆಗಳ ನಡುವೆ ಬಣ್ಣದ ಹಾಸು ಇರಲಿಲ್ಲ. ಹೀಗೆ ಬಿಡಿ ಗೆರೆ ಕೊಡುವುದು ಕಾದು ಹೊಳೆಯುವ ಅನಿಲ. ಅಂದರೆ ಸೂರ್ಯನ ಅಂಚಿನ ಕೆಂಪು ಜ್ವಾಲೆಗಳು ಅನಿಲವೇ ಸೈ. ಆ ಜ್ವಾಲೆಗಳು ಏನು ಎಂಬ ಆ ದಿನದ ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಕಿತ್ತಳೆ ಗೆರೆ ಯಾವ ಧಾತುವಿನದು ಎಂಬ ಇನ್ನೊಂದು ಪ್ರಶ್ನೆ ಮಾತ್ರ ಕೈಜಾರಿತು. ಆ ಗೆರೆಯ ಜಾಗವನ್ನು ಹರ್ಷೆಲ್ ಅಳೆದರು. ಅದು ಸೋಡಿಯಂನ ಗೆರೆಯ ಜಾಗಕ್ಕೇ ಕೂಡುತ್ತದೆ ಎಂದು ಬರೆದರು. ಆದರೆ ಜತೆಗೇ, ತನ್ನ ಉಪಕರಣಕ್ಕೆ ಎಷ್ಟು ಶಕ್ತಿಯಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಈ ಮಾತು ಎಂದೂ ಸೇರಿಸಿದರು. ಈ ಕತೆಯೆಲ್ಲ ನಿಂತಿರುವುದು ಆ ಷರತ್ತಿನ ಮೇಲೆ. ಸೋಡಿಯಂನ ಜೋಡಿ ಗೆರೆಗಳು ಇರುವುದು 589.0 ಮತ್ತು 589.6 ನ್ಯಾನೋಮೀಟರಿನಲ್ಲಿ. ಗ್ರಹಣದ ದಿನದ ಹೊನ್ನಗೆರೆ ಇದ್ದದ್ದು 587.6ರಲ್ಲಿ. ಈ ಒಂದೂವರೆ ನ್ಯಾನೋಮೀಟರಿನ ಸಂದಿಯಲ್ಲಿ, ಭೂಮಿಯ ಮೇಲೆ ಅದುವರೆಗೆ ಯಾರ ಕಣ್ಣಿಗೂ ಬೀಳದ ಒಂದು ಧಾತು ಅಡಗಿ ಕೂತಿತ್ತು.

ಕಂಡವರು ಮತ್ತು ಅಳೆದವರು

ಅದೇ ವರ್ಷ ಅಕ್ಟೋಬರ್ 20ರಂದು ಲಂಡನ್ನಿನಲ್ಲಿ ನಾರ್ಮನ್ ಲಾಕ್ಯರ್ ಹೊಸ ರೋಹಿತದರ್ಶಕವೊಂದನ್ನು ಸೂರ್ಯನ ಅಂಚಿಗೆ ಹಿಡಿದರು. ಗ್ರಹಣದ ಹಂಗೇ ಇಲ್ಲದೆ, ಹಾಡುಹಗಲಲ್ಲಿ ಅದೇ ಗೆರೆಗಳು ಕಂಡವು. ಗುಂಟೂರಿನಲ್ಲಿ ಗ್ರಹಣ ನೋಡಿದ ಫ್ರೆಂಚ್ ವಿಜ್ಞಾನಿ ಜಾನ್ಸನ್ ಮಾರನೆಯ ದಿನವೇ ಇದೇ ಉಪಾಯ ಕಂಡುಕೊಂಡಿದ್ದರು. ಹಗಲಲ್ಲಿ ಬೇಕೆಂದಾಗ ನೋಡಬಹುದು ಎಂದಾದ ಮೇಲೆ ಸಾವಕಾಶವಾಗಿ ಅಳೆಯಲೂಬಹುದು. ಲಾಕ್ಯರ್ ಅಳೆದರು. ಹಳದಿ ಗೆರೆ ಸೋಡಿಯಂನದಲ್ಲ, ಅದರ ಪಕ್ಕದ್ದು ಎಂದು ಖಚಿತವಾಯಿತು. ಸೂರ್ಯನಲ್ಲಿ ಕಂಡದ್ದಕ್ಕೆ ಸೂರ್ಯನ ಗ್ರೀಕ್ ಹೆಸರಿನ ಮೇಲೆ ಹೀಲಿಯಂ ಎಂದು ಹೆಸರಿಟ್ಟರು. 27 ವರ್ಷ ಅನೇಕರು ಅದನ್ನು ನಂಬಲಿಲ್ಲ. 1895ರಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಅದಿರಿನಿಂದ ಹೊರಬಂದ ಅನಿಲದಲ್ಲಿ ಅದೇ ಗೆರೆಯನ್ನು ಕಂಡ ಮೇಲೆ ವಾದ ಮುಗಿಯಿತು.

ವಿಜಾಪುರದಲ್ಲಿ ಹೇಗ್ ಗುರುತಿಸಿದ್ದು ಬಣ್ಣವನ್ನು. ಜಮಖಂಡಿಯಲ್ಲಿ ಹರ್ಷೆಲ್ ಅಳೆದರೂ ಅಳತೆ ಸಾಕಾಗಲಿಲ್ಲ. ಹೀಲಿಯಂ ದಕ್ಕಿದ್ದು ಮೊದಲು ಕಂಡವರಿಗಲ್ಲ, ಸರಿಯಾಗಿ ಅಳೆದವರಿಗೆ. ದೂರದ ಗ್ರಹಗಳನ್ನು ಹುಡುಕುವ ಕೆಲಸವೂ ಇದೇ ದಾರಿಯಲ್ಲಿ ನಡೆದಿದೆ.

ಗ್ರಹಣಕ್ಕೆ 13 ವರ್ಷ ಮೊದಲು, 1855ರಲ್ಲಿ, ಮದ್ರಾಸ್ ವೀಕ್ಷಣಾಲಯದ ಕ್ಯಾಪ್ಟನ್ ಜೇಕಬ್ ಒಂದು ದೊಡ್ಡ ಸುದ್ದಿ ಕೊಟ್ಟಿದ್ದರು. 70 ಓಫಿಯೂಕಿ ಎಂಬ ಜೋಡಿ ನಕ್ಷತ್ರದ ಚಲನೆಯಲ್ಲಿ ಲೆಕ್ಕಕ್ಕೆ ಕೂಡದ ಏರುಪೇರು ಇದೆ, ಕಾಣದ ಗ್ರಹವೊಂದು ಅದನ್ನು ಎಳೆಯುತ್ತಿರಬೇಕು ಎಂದು ಅವರ ವಾದ. ಸೌರಮಂಡಲದಾಚೆ ಗ್ರಹವಿದೆ ಎಂದು ಅಳತೆ ಮುಂದಿಟ್ಟು ಹೇಳಿದ ಮೊದಲ ಮಾತುಗಳಲ್ಲಿ ಇದೂ ಒಂದು. ಆದರೆ ನಕ್ಷತ್ರದ ಜಾಗ ಗುರುತಿಸುವಲ್ಲಿ ಆಗುವ ಸಣ್ಣ ತಪ್ಪುಗಳೇ ಗ್ರಹದ ವೇಷ ಹಾಕಿ ಬಂದಿದ್ದವು. ಆ ಶತಮಾನ ಮುಗಿಯುವ ಹೊತ್ತಿಗೆ ವಾದ ಬಿದ್ದುಹೋಯಿತು.

ಸೂರ್ಯನಂಥ ನಕ್ಷತ್ರದ ಸುತ್ತ ನಿಜವಾದ ಗ್ರಹ ಸಿಕ್ಕಲು 1995ರ ತನಕ ಕಾಯಬೇಕಾಯಿತು. ಮಿಶೆಲ್ ಮೇಯರ್ ಮತ್ತು ದಿದಿಯೆ ಕ್ವೆಲೊ ದಕ್ಷಿಣ ಫ್ರಾನ್ಸಿನ ವೀಕ್ಷಣಾಲಯವೊಂದರಲ್ಲಿ 51 ಪೆಗಾಸಿ ಎಂಬ ನಕ್ಷತ್ರದ ಬೆಳಕನ್ನು ಬಿಡಿಸಿ ಅದರ ಗೆರೆಗಳನ್ನು ಮತ್ತೆ ಮತ್ತೆ ಅಳೆದರು. ಗೆರೆಗಳು ಒಂದಿಷ್ಟು ಕೆಂಪಿನತ್ತ, ಒಂದಿಷ್ಟು ನೀಲಿಯತ್ತ ಸರಿಯುತ್ತಿದ್ದವು. ಅಂದರೆ ನಕ್ಷತ್ರ ಸೆಕೆಂಡಿಗೆ ಸುಮಾರು 60 ಮೀಟರ್ ವೇಗದಲ್ಲಿ ನಮ್ಮತ್ತ ಬಂದು ಹಿಂದೆ ಸರಿಯುತ್ತಿತ್ತು, ನಾಲ್ಕು ದಿನ ಚಿಲ್ಲರೆಗೊಂದು ಸುತ್ತಿನಂತೆ. ಅಷ್ಟು ಹತ್ತಿರದಲ್ಲಿ ಗುರುವಿನಂಥ ಗ್ರಹವೊಂದು ಅದನ್ನು ಸುತ್ತುತ್ತಿತ್ತು. ಗ್ರಹವನ್ನು ಅವರು ಕಣ್ಣಾರೆ ನೋಡಲಿಲ್ಲ, ಗೆರೆಯ ಓಲಾಟ ಅಳೆದು ಕಂಡುಕೊಂಡರು. 2019ರ ಭೌತವಿಜ್ಞಾನದ ನೊಬೆಲ್‌ನಲ್ಲಿ ಅವರಿಗೆ ಪಾಲು ಬಂತು. ಅವರ ದೂರದರ್ಶಕದ ಕನ್ನಡಿ 1.93 ಮೀಟರಿನದು, ದೈತ್ಯವೇನಲ್ಲ. ದೈತ್ಯವಾಗಿದ್ದದ್ದು ಅಳತೆಯ ಸೂಕ್ಷ್ಮ.

ಹಾಗಾದರೆ ದೊಡ್ಡ ಕನ್ನಡಿ ಯಾಕೆ?

ನಮ್ಮ ಭೂಮಿ ಸೂರ್ಯನನ್ನು ಅಲುಗಾಡಿಸುವುದು ಸೆಕೆಂಡಿಗೆ 9 ಸೆಂಟಿಮೀಟರ್ ಮಾತ್ರ. ಬೇರೆ ನಕ್ಷತ್ರದ ಸುತ್ತ ಭೂಮಿಯಂಥದ್ದೊಂದು ಇದ್ದರೆ ಅದನ್ನು ಹಿಡಿಯಲು ಗೆರೆಗಳನ್ನು ಅಷ್ಟು ಸೂಕ್ಷ್ಮವಾಗಿ ಅಳೆಯಬೇಕು. ಬೆಳಕನ್ನು ಸಾವಿರಾರು ತುಂಡಾಗಿ ಹರಡಿದರೆ ಒಂದೊಂದು ತುಂಡಿಗೆ ಸಿಗುವ ಬೆಳಕು ತೀರ ಕಡಿಮೆ. ಸೂಕ್ಷ್ಮವಾಗಿ ಅಳೆಯಬೇಕೆಂದರೆ ಬೆಳಕು ಬೇಕು, ಬೆಳಕು ಬೇಕೆಂದರೆ ಕನ್ನಡಿ ಅಗಲವಾಗಬೇಕು. ಇನ್ನೊಂದು ಕಾರಣವೂ ಇದೆ. ಗ್ರಹದ ಚಿತ್ರವನ್ನೇ ತೆಗೆಯಬೇಕಾದರೆ ಅದನ್ನು ನಕ್ಷತ್ರದಿಂದ ಬೇರೆಯಾಗಿ ಕಾಣುವಂತೆ ಮಾಡಬೇಕು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಭೂಮಿ ಸೂರ್ಯನಿಗಿಂತ ಸುಮಾರು ಸಾವಿರ ಕೋಟಿ ಪಟ್ಟು ಮಂಕು. ಕನ್ನಡಿ ಅಗಲವಾದಷ್ಟೂ ಪಕ್ಕಪಕ್ಕದ ಎರಡು ಬೆಳಕುಗಳನ್ನು ಬಿಡಿಸಿ ನೋಡುವ ಶಕ್ತಿ ಹೆಚ್ಚುತ್ತದೆ.

ಆದರೆ ಒಂದೇ ಗಾಜಿನ ಹಲಗೆಯಲ್ಲಿ ಹತ್ತು ಮೀಟರಿನ ಕನ್ನಡಿ ಮಾಡಹೋದರೆ ಅದು ತನ್ನ ಭಾರಕ್ಕೇ ಬಾಗುತ್ತದೆ. 1977ರಲ್ಲಿ ಕ್ಯಾಲಿಫೋರ್ನಿಯಾದ ಜೆರ್ರಿ ನೆಲ್ಸನ್ ಎಂಬ ತರುಣ ಭೌತವಿಜ್ಞಾನಿ, ಕನ್ನಡಿಯನ್ನು ತುಂಡುತುಂಡಾಗಿ ಮಾಡಿ ಕೂಡಿಸೋಣ ಎಂಬ ಸಲಹೆ ಮುಂದಿಟ್ಟರು. ಆರು ಮೂಲೆಯ 36 ತುಂಡುಗಳು ಸೇರಿ 10 ಮೀಟರಿನ ಒಂದೇ ಕನ್ನಡಿಯಂತೆ ದುಡಿಯಬೇಕು. ಹೇಳಿದಷ್ಟು ಸುಲಭವಲ್ಲ. ಇಡೀ ಕನ್ನಡಿಯ ಬಾಗು ಗೋಳದ ಬಾಗಲ್ಲ. ನಡುವಿನಿಂದ ಅಂಚಿಗೆ ಹೋದಂತೆ ಅದು ಬದಲಾಗುತ್ತದೆ, ಹೀಗಾಗಿ ಅಂಚಿನ ತುಂಡು ಎಲ್ಲ ಕಡೆಯಿಂದ ಸರಿಸಮ ಇರುವುದಿಲ್ಲ. ಇಂಥ ಓರೆ ಬಾಗನ್ನು ಉಜ್ಜಿ ತರುವ ಯಂತ್ರ ಆಗ ಇರಲಿಲ್ಲ. ಗೋಳದ ಬಾಗನ್ನಾದರೆ ಯಾರು ಬೇಕಾದರೂ ಉಜ್ಜಿಯಾರು. ಅದು ಗಾಜು ಉಜ್ಜುವವರ ಮೊದಲ ಪಾಠ.

ನೆಲ್ಸನ್ ಮತ್ತು ಎಂಜಿನಿಯರ್ ಜೇಕಬ್ ಲುಬ್ಲಿನರ್ ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ಗಾಜಿಗೆ ಓರೆ ಬಾಗು ಕೊಡುವ ಬದಲು ಮೊದಲು ಗಾಜನ್ನೇ ಒತ್ತಿ ಬಾಗಿಸುವುದು. ಎಷ್ಟು, ಎಲ್ಲೆಲ್ಲಿ ಒತ್ತಬೇಕು ಎಂಬುದನ್ನು ಲೆಕ್ಕ ಹಾಕಿ ಅಂಚಿನ ಸುತ್ತ ಬಲ ಹೇರುವುದು. ಆ ಒತ್ತಡದಲ್ಲೇ ಗೋಳದ ಬಾಗಿಗೆ ಉಜ್ಜಿ ಮುಗಿಸುವುದು. ಒತ್ತಡ ಬಿಟ್ಟ ಕೂಡಲೆ ಗಾಜು ಮರಳಿ ನಿಂತು ತಾನಾಗಿ ಬೇಕಾದ ಓರೆ ಬಾಗಿಗೆ ಬರುತ್ತದೆ. ಲೆಕ್ಕ ಸರಿಯಾಗಿತ್ತು. ಆದರೆ ದುಂಡು ಗಾಜನ್ನು ಆರು ಮೂಲೆಗೆ ಕತ್ತರಿಸಿದಾಗ ಒಳಗಿನ ಬಿಗುವು ಸಡಿಲಿ ಮೇಲ್ಮೈ ಮತ್ತೆ ಕೊಂಚ ತಿರುಚಿಕೊಂಡಿತು. ಅಯಾನುಗಳ ಕಿರಣ ಹಾಯಿಸಿ ಅಷ್ಟಿಷ್ಟೇ ಸವೆಸಿ ಸರಿಪಡಿಸುವ ವಿಧಾನ, ಹಿಂಬದಿಯಿಂದ ಮೆಲ್ಲಗೆ ಒತ್ತುವ ಕಟ್ಟು, ಎರಡನ್ನೂ ಬಳಸಬೇಕಾಗಿ ಬಂದದ್ದು ಆ ತಲೆನೋವಿನಿಂದ. 1990ರ ನವೆಂಬರಿನಲ್ಲಿ ಹವಾಯಿಯ ಮೌನಾ ಕೀ ಬೆಟ್ಟದ ಮೇಲೆ ಕೆಕ್ ದೂರದರ್ಶಕ ಒಂಬತ್ತೇ ತುಂಡುಗಳೊಂದಿಗೆ ಮೊದಲ ಬೆಳಕು ಕಂಡಿತು. 1993ರಲ್ಲಿ 36 ತುಂಡುಗಳ ಪೂರ್ತಿ ಕನ್ನಡಿಯೊಂದಿಗೆ ಸಂಶೋಧನೆ ಶುರುವಾಯಿತು.

2008ರಲ್ಲಿ ಕೆಕ್ ಮತ್ತು ಪಕ್ಕದ ಜೆಮಿನಿ ದೂರದರ್ಶಕಗಳು ಸುಮಾರು 130 ಜ್ಯೋತಿರ್ವರ್ಷ ದೂರದ ಎಚ್‌ಆರ್ 8799 ನಕ್ಷತ್ರದ ಸುತ್ತ ಮೂರು ಗ್ರಹಗಳ ಚಿತ್ರ ತೆಗೆದವು. ಎರಡು ವರ್ಷಕ್ಕೆ ನಾಲ್ಕನೆಯದೂ ಕಂಡಿತು. ನಾಲ್ಕೂ ಗುರುವಿಗಿಂತ ದೊಡ್ಡ ತೂಕದವು. 10 ಮೀಟರಿನ ಕನ್ನಡಿಗೂ ಕಾಣುವುದು ಇಂಥ ದೈತ್ಯರೇ.

ಅಷ್ಟರಲ್ಲಿ ಹೀಲಿಯಂ ಮತ್ತೆ ರಂಗಕ್ಕೆ ಬಂತು. ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾಯುವಾಗ ನಕ್ಷತ್ರದ ಬೆಳಕು ಅದರ ಗಾಳಿಯ ಪದರವನ್ನು ತೂರಿ ಬರುತ್ತದೆ, ಬರುವಾಗ ಆ ಗಾಳಿಯಲ್ಲಿರುವ ಧಾತುಗಳ ಗುರುತು ಹೊತ್ತು ತರುತ್ತದೆ. 2018ರಲ್ಲಿ ಮೊದಲು ಹಬಲ್ ದೂರದರ್ಶಕ, ಬಳಿಕ ಸ್ಪೇನಿನ ಕಾಲಾರ್ ಆಲ್ಟೊದ 3.5 ಮೀಟರ್ ದೂರದರ್ಶಕ, ಹೀಗೆ ಹಾಯುವ ಗ್ರಹಗಳಲ್ಲಿ ಹೀಲಿಯಂ ಕಂಡವು. ಗೆರೆ ಈ ಸಲ 1083 ನ್ಯಾನೋಮೀಟರಿನದು, ಕಣ್ಣಿಗೆ ಕಾಣದ ಅವಕೆಂಪು. ಕಾಲಾರ್ ಆಲ್ಟೊ ನೋಡಿದ ಗ್ರಹಗಳಲ್ಲಿ ಒಂದು ವಾಸ್ಪ್-69ಬಿ. ನಾಲ್ಕು ದಿನದೊಳಗೆ ಒಂದು ವರ್ಷ ಮುಗಿಸುವ ಈ ಗ್ರಹದ ಗಾಳಿ ನಕ್ಷತ್ರದ ಕಾವಿಗೆ ಕಿತ್ತು ಬಾಲದಂತೆ ಹೊರಟಿದೆ. 2024ರಲ್ಲಿ ಕೆಕ್‌ನ ಅಳತೆಗಳು ಆ ಹೀಲಿಯಂ ಬಾಲ ಕನಿಷ್ಠ 5,60,000 ಕಿಲೋಮೀಟರ್ ಉದ್ದ ಇದೆ ಎಂದು ತೋರಿಸಿದವು. ಭೂಮಿಯಂಥ ಚಿಕ್ಕ ಗ್ರಹದ ತೆಳು ಗಾಳಿಯಲ್ಲಿ ಆಮ್ಲಜನಕ ಇದೆಯೇ ಎಂದು ನೆಲದಿಂದ ಹೀಗೇ ಓದಬೇಕಾದರೆ 10 ಮೀಟರ್ ಸಾಲದು.

ಗೋಳಗುಮ್ಮಟದ ಅಳತೆಯಲ್ಲಿ

ಅದಕ್ಕೇ ಈಗ ಮೂರು ದೈತ್ಯ ದೂರದರ್ಶಕಗಳು. ಚಿಲಿಯ ಸೆರ್ರೊ ಅರ್ಮಝೋನೆಸ್ ಬೆಟ್ಟದ ಮೇಲೆ ಯೂರೋಪಿನವರು ಕಟ್ಟುತ್ತಿರುವುದು 39 ಮೀಟರಿನದು, 798 ತುಂಡು. ಅದೇ ಚಿಲಿಯ ಲಾಸ್ ಕಂಪಾನಾಸ್‌ನಲ್ಲಿ ಏಳು ದೊಡ್ಡ ಕನ್ನಡಿಗಳ ಜೈಂಟ್ ಮ್ಯಾಗೆಲನ್. ಮೂರನೆಯದು ಥರ್ಟಿ ಮೀಟರ್ ಟೆಲಿಸ್ಕೋಪ್, ಎಲ್ಲರೂ ಕರೆಯುವಂತೆ ಟಿಎಂಟಿ. ಭಾರತ ಪಾಲುದಾರನಾಗಿರುವುದು ಇದರಲ್ಲಿ. ವಿಜಾಪುರದವರಿಗೆ ಅಳತೆ ಹೇಳುವುದು ಸುಲಭ. ಗೋಳಗುಮ್ಮಟದ ದುಂಡು ಗುಮ್ಮಟದ ಒಳ ಅಗಲ 38 ಮೀಟರಿಗೆ ಸ್ವಲ್ಪವೇ ಕಡಿಮೆ. ಟಿಎಂಟಿಯ ಕನ್ನಡಿಯನ್ನು ಗುಮ್ಮಟದಡಿ ಮಲಗಿಸಿ ಸುತ್ತ ಓಡಾಡಬಹುದು. ಯೂರೋಪಿನದು ಆ ದುಂಡಿನೊಳಗೆ ಹಿಡಿಸುವುದೇ ಇಲ್ಲ.

ಟಿಎಂಟಿಯ ಕನ್ನಡಿಗೆ 492 ತುಂಡುಗಳು. ಒಂದೊಂದು ಮೂಲೆಯಿಂದ ಮೂಲೆಗೆ 1.44 ಮೀಟರ್, ದಪ್ಪ ಸುಮಾರು 45 ಮಿಲಿಮೀಟರ್, ನಡುವಿನ ಸಂದು ಎರಡೂವರೆ ಮಿಲಿಮೀಟರ್. ಬಾಗಿನ ಲೆಕ್ಕದಲ್ಲಿ 82 ಬಗೆ, ಬಗೆಗೆ ಆರಾರು. ಮೇಲೆ ಪ್ರತಿ ಬಗೆಗೊಂದು ಹೆಚ್ಚುವರಿ, ಅಲ್ಲಿಗೆ ಮಾಡಬೇಕಾದ್ದು 574. 2014ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು, ಡಿಸೆಂಬರಿನಲ್ಲಿ ಭಾರತ ಶೇ 10ರ ಪಾಲುದಾರನಾಯಿತು. ಆ ಪಾಲಿನ ಹೆಚ್ಚಿನ ಭಾಗ ದುಡ್ಡಿನಲ್ಲಲ್ಲ, ಕೆಲಸದಲ್ಲಿ. ತುಂಡುಗಳನ್ನು ಹೊರುವ ಚೌಕಟ್ಟು, ಅವುಗಳನ್ನು ಅಲುಗಿಸುವ ಆ್ಯಕ್ಚುಯೇಟರ್, ಪಕ್ಕದ ತುಂಡಿನೊಂದಿಗೆ ಮಟ್ಟ ತಾಳೆ ನೋಡುವ ಅಂಚಿನ ಸೆನ್ಸರ್, ಸಾಫ್ಟ್‌ವೇರ್, ಜತೆಗೆ ಸುಮಾರು 90 ತುಂಡುಗಳ ಪಾಲಿಶ್.

ಪಾಲಿಶ್ ನಡೆಯುವ ಜಾಗ ಬೆಂಗಳೂರಿನ ಪಕ್ಕದ ಹೊಸಕೋಟೆ. ಅಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಕ್ರೆಸ್ಟ್ ಆವರಣವಿದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದೂ ಇಲ್ಲಿಂದಲೇ. 2016ರಲ್ಲಿ ಟ್ರಾಪಿಸ್ಟ್-1 ನಕ್ಷತ್ರದ ಸುತ್ತ ಭೂಮಿಗಾತ್ರದ ಗ್ರಹಗಳು ಸಿಕ್ಕಾಗ ಖಾತ್ರಿ ಮಾಡಿಕೊಳ್ಳಲು ನೆರವಾದ ದೂರದರ್ಶಕಗಳಲ್ಲಿ ಅದೂ ಒಂದು.

ಹೊಸಕೋಟೆಯ ಪಾಲಿಶ್ ನೆಲ್ಸನ್ ಹಾಕಿಕೊಟ್ಟ ದಾರಿಯದೇ. ಜಪಾನಿನ ಒಹಾರಾ ಕಂಪನಿ ಎರಕ ಹೊಯ್ದ ದುಂಡು ಬ್ಲ್ಯಾಂಕ್ ಬರುತ್ತದೆ. ಕಾವು ಏರಿದರೂ ಇಳಿದರೂ ಹೆಚ್ಚುಕಡಿಮೆ ಹಿಗ್ಗದ ಕುಗ್ಗದ ಗಾಜು ಅದು. ಅಂಚಿನ ಸುತ್ತ ಸನ್ನೆಗಳನ್ನು ಕಟ್ಟಿ ಲೆಕ್ಕದಂತೆ ಭಾರ ಕೊಡುತ್ತಾರೆ. ಮೇಲೆ ತಿರುಗುವ ಪ್ಯಾಡ್ ಪಾಲಿಶ್ ಪುಡಿಯ ನೀರಿನಲ್ಲಿ ಉಜ್ಜುತ್ತ ಹೋಗುತ್ತದೆ. ಉಜ್ಜಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಅಳೆಯುವ ಕೆಲಸ. ಉಜ್ಜಿದ ಗಾಜು ಬಿಸಿಯಾಗಿರುತ್ತದೆ, ಬಿಸಿ ಆರುವ ತನಕ ಅಳತೆ ನಂಬುವಂತಿಲ್ಲ. ಅಳೆದು, ಉಬ್ಬಿದ ಕಡೆ ಇನ್ನಷ್ಟು ಉಜ್ಜಿ, ಮತ್ತೆ ಅಳೆಯಬೇಕು. ಕೊನೆಗೆ ಉಳಿಯಬಹುದಾದ ತಪ್ಪು ನ್ಯಾನೋಮೀಟರುಗಳ ಲೆಕ್ಕದ್ದು. ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್ ಎಂದರೆ ಈ ಕೆಲಸದ ನಯ ಗೊತ್ತಾದೀತು. ತುಂಡುಗಳೆಲ್ಲ ಬೆಟ್ಟ ಹತ್ತಿದ ಮೇಲೂ ಅಳತೆ ನಿಲ್ಲುವುದಿಲ್ಲ. 1,476 ಆ್ಯಕ್ಚುಯೇಟರುಗಳು ಅಂಚಿನ ಸೆನ್ಸರುಗಳ ಮಾತು ಕೇಳಿ ರಾತ್ರಿಯಿಡೀ ತುಂಡುಗಳನ್ನು ಒಂದೇ ಮಟ್ಟಕ್ಕೆ ತರುತ್ತಲೇ ಇರಬೇಕು.

ಜಮಖಂಡಿಯಲ್ಲಿ ಗ್ರಹಣ ನೋಡಿದ ಹರ್ಷೆಲ್‌ರ ತಾತ ವಿಲಿಯಂ ಹರ್ಷೆಲ್ 1781ರಲ್ಲಿ ಯುರೇನಸ್ ಕಂಡವರು. ಕನ್ನಡಿಯನ್ನು ತಾವೇ ಎರಕ ಹೊಯ್ದು, ತಾವೇ ಉಜ್ಜಿ ದೂರದರ್ಶಕ ಮಾಡಿಕೊಂಡವರು. 1789ರಲ್ಲಿ ಅವರು ನಿಲ್ಲಿಸಿದ, ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದಾದ ದೂರದರ್ಶಕದ ಕನ್ನಡಿ 1.2 ಮೀಟರ್. ಹೊಸಕೋಟೆಯಲ್ಲಿ ಪಾಲಿಶ್ ಆಗುವ ಒಂದೊಂದು ತುಂಡೂ ಅದಕ್ಕಿಂತ ಅಗಲ.

ಬೆಟ್ಟ ಯಾವುದು?

ಕನ್ನಡಿ ಹೀಗೆ ಸಾಗಿದ್ದರೂ ಅದನ್ನು ನಿಲ್ಲಿಸುವ ಜಾಗದ ತಗಾದೆ ಮುಗಿದಿಲ್ಲ. 2009ರಲ್ಲಿ ಆರಿಸಿದ್ದು ಮೌನಾ ಕೀ. ಹವಾಯಿಯ ಮೂಲನಿವಾಸಿಗಳಿಗೆ ಅದು ಪವಿತ್ರ ಬೆಟ್ಟ. 2015ರಲ್ಲಿ ಅವರು ದಾರಿಗೆ ಅಡ್ಡ ಕೂತರು. ಅದೇ ಡಿಸೆಂಬರಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಪರವಾನಗಿಯನ್ನು ರದ್ದು ಮಾಡಿತು. 2018ರಲ್ಲಿ ಹೊಸ ಪರವಾನಗಿಯನ್ನು ಎತ್ತಿಹಿಡಿಯಿತು. 2019ರಲ್ಲಿ ಕೆಲಸ ಶುರುಮಾಡಹೋದಾಗ ಹಿರಿಯರು, ಮಕ್ಕಳು ಮತ್ತೆ ದಾರಿಯಲ್ಲಿ ಕೂತರು. 2025ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ತನ್ನ ಮುಂಗಡಪತ್ರದ ಪ್ರಸ್ತಾವದಲ್ಲಿ ಮ್ಯಾಗೆಲನ್‌ನನ್ನು ಮುಂದಕ್ಕೆ ತಂದು ಟಿಎಂಟಿಯನ್ನು ಬಿಟ್ಟಿತು. ಅದರ ಬೆನ್ನಿಗೇ ಸ್ಪೇನ್, ಲಾ ಪಾಲ್ಮಾ ದ್ವೀಪಕ್ಕೆ ಬಂದರೆ 40 ಕೋಟಿ ಯೂರೋ ಕೊಡುವುದಾಗಿ ಹೇಳಿತು.

ಇದನ್ನು ನೋಡಿ ನಮ್ಮ ಪಾಲಿನ ಕೆಲಸ ವ್ಯರ್ಥ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಾನ್ಲೆಯಲ್ಲೇ 13.7 ಮೀಟರಿನ, ತುಂಡು ಕನ್ನಡಿಗಳ ರಾಷ್ಟ್ರೀಯ ದೂರದರ್ಶಕದ ಯೋಜನೆ ಮುಂದಿದೆ. ಅದಕ್ಕೆ ಬೇಕಾದ್ದು ಹೊಸಕೋಟೆಯಲ್ಲಿ ಕಲಿತ ವಿದ್ಯೆಯೇ, ಅಂಥವೇ ತುಂಡುಗಳು, ಅಂಥವೇ ಸೆನ್ಸರುಗಳು. ಹೀಲಿಯಂ ಕತೆಯಲ್ಲಿ ನೆಲ ನಮ್ಮದು, ಆಕಾಶ ನಮ್ಮದು, ಅಳತೆ ಮಾತ್ರ ಬೇರೆಯವರದ್ದಾಗಿತ್ತು. ಈ ಸಲ ಅಳತೆಯ ಕಸುಬೇ ಕೈಗೆ ಬಂದಿದೆ. ಟಿಎಂಟಿಯ ಬೆಟ್ಟ ತೀರ್ಮಾನವಾಗಲಿ ಎಂದು ಕಾಯುತ್ತ ಆ ಕೈಗಳನ್ನು ಖಾಲಿ ಕೂರಿಸಿದರೆ ಹಾನ್ಲೆಯ ಕನ್ನಡಿ ಉಜ್ಜುವ ಹೊತ್ತಿಗೆ ಮತ್ತೆ ಮೊದಲಿಂದ ಕಲಿಯಬೇಕಾದೀತು. ಹಾನ್ಲೆಯ ಕೆಲಸ ಈಗಲೇ ಶುರುವಾಗಬೇಕು.